ಪರ್ಸನಾಲಿಟಿ ಓದೋಕೆ ಎರಡು ವರ್ಷ ಯಾಕೆ ಬೇಕು

ಎಂ.ಎಸ್ಸಿ ಸೈಕಾಲಜಿ ಸೇರ್ತೀನಿ, ಅದ್ರಲ್ಲೂ ಪರ್ಸನಾಲಿಟಿ ಪೇಪರ್ ಅಂದ್ರೆ ಇಷ್ಟ ಅಂದಾಗ ನಮ್ಮಪ್ಪ ಕೇಳಿದ್ದು ಒಂದೇ ಪ್ರಶ್ನೆ, "ಅದಕ್ಕೆ ಎರಡ್ ವರ್ಷ ಯಾಕೋ, ವಿಜಯನಗರದಲ್ಲಿ ಮೂರೇ ತಿಂಗ್ಳಿಗೆ ಕಲಿಸಿ ಕಳಿಸ್ತಾರಲ್ಲ". ಅಪ್ಪನ ತಪ್ಪೇನಿಲ್ಲ ಬಿಡಿ, ಬೆಂಗಳೂರಲ್ಲಿ ಯಾವ ಏರಿಯಾಗೆ ಹೋದ್ರೂ ಒಂದು ಜೆರಾಕ್ಸ್ ಅಂಗಡಿ ಮೇಲೆ 'ಸ್ಪೋಕನ್ ಇಂಗ್ಲಿಷ್ ಅಂಡ್ ಪರ್ಸನಾಲಿಟಿ ಡೆವಲಪ್‌ಮೆಂಟ್' ಅನ್ನೋ ಬೋರ್ಡು ಇದ್ದೇ ಇರತ್ತೆ. ನಮ್ ಕಡೆ ವ್ಯಕ್ತಿತ್ವ ಅಂದ್ರೆ ಒಂದೋ ಟೈ ಕಟ್ಕೊಂಡು ಧೈರ್ಯವಾಗಿ ಇಂಗ್ಲಿಷ್ ಮಾತಾಡೋದು, ಇಲ್ಲಾಂದ್ರೆ ಯಾರಾದ್ರೂ ತೀರ್ಕೊಂಡಾಗ ಫ್ಲೆಕ್ಸ್ ಮೇಲೆ 'ಮೇರು ವ್ಯಕ್ತಿತ್ವ' ಅಂತ ಹಾಕ್ಸೋದು. ಸೈಕಾಲಜಿಲಿ ಇವೆರಡೂ ಅಲ್ಲ. ನಾವು ಮನೇಲಿ ಸ್ವಭಾವ ಅಂತೀವಲ್ಲ, ಅದು ಹತ್ರ ಬರತ್ತೆ. ಒಬ್ಬ ಮನುಷ್ಯ ಸಾಮಾನ್ಯವಾಗಿ ಹೇಗೆ ಯೋಚ್ನೆ ಮಾಡ್ತಾನೆ, ಹೇಗೆ ನಡ್ಕೋತಾನೆ, ಯಾವ್ದಕ್ಕೆ ಉರಿದು ಬೀಳ್ತಾನೆ ಯಾವ್ದಕ್ಕೆ ಕರಗ್ತಾನೆ, ಇದೆಲ್ಲ ವರ್ಷಾನುಗಟ್ಟಲೆ ಹೆಚ್ಚುಕಮ್ಮಿ ಒಂದೇ ಥರ ಇರತ್ತಲ್ಲ, ಆ ಒಂದೇ ಥರಕ್ಕೆ ಪರ್ಸನಾಲಿಟಿ ಅಂತ ಹೆಸರು.

ನಮ್ಮ ಮೊದಲ್ನೇ ಕ್ಲಾಸಲ್ಲಿ ಮೇಡಮ್, ಸೈಕಾಲಜಿ ಅಂದ ತಕ್ಷಣ ನೆನಪಾಗೋ ಫ್ರಾಯ್ಡ್ ಹೆಸರೇ ಎತ್ತಲಿಲ್ಲ. ನಿಮ್ಮನೇಲಿ ಜನರನ್ನ ಬೈಯೋಕೆ, ಹೊಗಳೋಕೆ ಯಾವ್ಯಾವ ಪದ ಬಳಸ್ತಾರೆ ಬರೀರಿ ಅಂದ್ರು. ಶುರುವಾಯ್ತು ನೋಡಿ, ಮುಂಗೋಪಿ, ಮೊಂಡ, ಜಿಪುಣ, ಬಾಯಿಬಡುಕ, ಮುಖೇಡಿ, ಅಳುಮುಂಜಿ, ಹೆದರುಪುಕ್ಕಲ, ಜಗಳಗಂಟ, ತಲೆಹರಟೆ, ಸೋಮಾರಿ, ಸಾಧು, ಅಚ್ಚುಕಟ್ಟು, ತಿಕ್ಲು. ಹತ್ತು ನಿಮಿಷದಲ್ಲಿ ಬೋರ್ಡ್ ತುಂಬೋಯ್ತು. ಆಟ ಆಡಿಸ್ತಿದಾರೆ ಅನ್ಕೊಂಡಿದ್ವಿ, ಆಮೇಲೆ ಗೊತ್ತಾಯ್ತು ಈ ಸಬ್ಜೆಕ್ಟಿನ ಒಂದು ದೊಡ್ಡ ಭಾಗ ನಿಂತಿರೋದೇ ಇದೇ ಕೆಲಸದ ಮೇಲೆ ಅಂತ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್, ಹೆನ್ರಿ ಆಡ್ಬರ್ಟ್ ಅನ್ನೋ ಇಬ್ರು ಅಮೆರಿಕನ್ನರು ಒಂದು ದಪ್ಪ ಇಂಗ್ಲಿಷ್ ಡಿಕ್ಷನರಿ ಇಟ್ಕೊಂಡು ಮನುಷ್ಯರನ್ನ ಬಣ್ಣಿಸೋ ಪದಗಳನ್ನೆಲ್ಲ ಹೆಕ್ಕಿ ತೆಗೆದ್ರು, 17,953 ಸಿಕ್ತು. ಅವರ ಲೆಕ್ಕಾಚಾರ ಸರಳ, ಜನಕ್ಕೆ ನಿಜವಾಗ್ಲೂ ಮುಖ್ಯ ಅನ್ಸೋ ಗುಣ ಯಾವ್ದಾದ್ರೂ ಇದ್ರೆ ಅದಕ್ಕೆ ಭಾಷೆ ಈಗಾಗ್ಲೇ ಒಂದು ಪದ ಮಾಡಿಟ್ಟಿರತ್ತೆ.

ಆದ್ರೆ ಹದಿನೆಂಟು ಸಾವಿರ ಪದ ಹಿಡ್ಕೊಂಡು ಏನ್ ಮಾಡ್ತೀರಾ? ಇಲ್ಲಿ ಫ್ಯಾಕ್ಟರ್ ಅನಾಲಿಸಿಸ್ ಅನ್ನೋ ಗಣಿತ ಬರತ್ತೆ, ಆರ್ಟ್ಸಿಂದ ಬಂದ ಅರ್ಧ ಕ್ಲಾಸು ಇಲ್ಲೇ ಕಣ್ಣೀರು ಹಾಕತ್ತೆ, ಆದ್ರೆ ಒಳಗಿರೋ ಐಡಿಯಾ ಕಷ್ಟದ್ದಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ನೋಡಿ, ಗಣಿತದಲ್ಲಿ ಜಾಸ್ತಿ ತೆಗೆದೋರು ಸಾಮಾನ್ಯವಾಗಿ ವಿಜ್ಞಾನದಲ್ಲೂ ತೆಗ್ದಿರ್ತಾರೆ, ಅಂದ್ರೆ ಎರಡರ ಹಿಂದೆ ಏನೋ ಒಂದು ಒಂದೇ ಇದೆ ಅಂತ ನಾವೇ ಅಂದಾಜು ಮಾಡ್ತೀವಲ್ಲ. ಅದೇ ಥರ ಸಾವಿರಾರು ಜನರ ಕೈಲಿ ಈ ಪದಗಳಿಗೆ ಮಾರ್ಕ್ಸ್ ಹಾಕ್ಸಿ, ಯಾವ ಪದ ಏರಿದಾಗ ಯಾವ ಪದ ಏರತ್ತೆ, ಯಾವ್ದು ಇಳಿಯತ್ತೆ ಅಂತ ನೋಡೋದು. ರೇಮಂಡ್ ಕ್ಯಾಟೆಲ್ ಹೀಗೆ ಮಾಡಿ 16 ಗುಂಪು ಅಂದ, ಹ್ಯಾನ್ಸ್ ಐಸೆಂಕ್ ಇಲ್ಲ ಮೂರೇ ಸಾಕು ಅಂದ, ವರ್ಷಗಟ್ಟಲೆ ಜಗಳ ಆಗಿ ಕೊನೆಗೆ ಹೆಚ್ಚಿನವರು ಬಂದು ನಿಂತಿದ್ದು ಐದಕ್ಕೆ, ಬಿಗ್ ಫೈವ್ ಅಂತಾರೆ. ನಮ್ಮ ಬೋರ್ಡ್ ಮೇಲಿನ ಪದಗಳನ್ನೂ ಮೇಡಮ್ ಹಾಗೇ ಗುಡ್ಡೆ ಹಾಕಿದ್ರು. ಬಾಯಿಬಡುಕ ಒಂದು ತುದಿ ಮುಖೇಡಿ ಇನ್ನೊಂದು ತುದಿ, ಅದು ಎಕ್ಸ್‌ಟ್ರಾವರ್ಷನ್. ಅಳುಮುಂಜಿ, ಹೆದರುಪುಕ್ಕಲ, ಸುಮ್ಸುಮ್ನೆ ತಲೆಗೆ ಹಚ್ಕೊಳೋರು, ಅದು ನ್ಯೂರಾಟಿಸಿಸಮ್. ಅಚ್ಚುಕಟ್ಟಿಂದ ಸೋಮಾರಿ ತನಕ ಕಾನ್ಷಿಯೆನ್ಷಿಯಸ್‌ನೆಸ್, ಸಾಧುವಿಂದ ಜಗಳಗಂಟನ ತನಕ ಅಗ್ರಿಯಬಲ್‌ನೆಸ್. ಐದನೇದು ಓಪನ್‌ನೆಸ್, ಅಂದ್ರೆ ಹೊಸ ವಿಚಾರ, ಕಲೆ, ಕಲ್ಪನೆಗೆ ಎಷ್ಟು ಬಾಗಿಲು ತೆಗ್ದಿಟ್ಟಿದೀರಾ ಅನ್ನೋದು, ತಮಾಷೆ ಅಂದ್ರೆ ಇದಕ್ಕೆ ಇಡೀ ಬೋರ್ಡಲ್ಲಿ ಸಿಕ್ಕಿದ್ದು 'ತಿಕ್ಲು' ಒಂದೇ. ನಮ್ಮನೆಗಳಲ್ಲಿ ಕಲ್ಪನೆ ಜಾಸ್ತಿ ಇರೋರಿಗೆ ಇರೋ ಮರ್ಯಾದೆ ಅಷ್ಟೇ ಅನ್ಸತ್ತೆ.

ಇಲ್ಲಿ ಗಮನಿಸ್ಬೇಕಾಗಿರೋದು, ಇವು ಡಬ್ಬಗಳಲ್ಲ. ಎತ್ತರ ಇದ್ದ ಹಾಗೆ, ಜಗತ್ತಲ್ಲಿ ಕುಳ್ಳರು ಉದ್ದದವರು ಅಂತ ಎರಡು ಜಾತಿ ಇಲ್ಲ, ಹೆಚ್ಚಿನವರು ನಡುವೆ ಇರ್ತಾರೆ, ತುದೀಲಿ ಕೆಲವರು. ಆಫೀಸಲ್ಲಿ ಎಚ್‌ಆರ್‌ನವರು ವರ್ಷಕ್ಕೊಂದ್ಸಲ ಎಂಬಿಟಿಐ ಅನ್ನೋ ಪರ್ಸನಾಲಿಟಿ ಟೆಸ್ಟ್ ಮಾಡ್ಸಿ ನಾಲ್ಕು ಅಕ್ಷರದ ಬಿಲ್ಲೆ ಕೈಗೆ ಕೊಡ್ತಾರಲ್ಲ, ಅದರ ಬಗ್ಗೆ ಯೂನಿವರ್ಸಿಟಿಲಿ ಸಂಶೋಧನೆ ಮಾಡೋರು ಮೂಗು ಮುರಿಯೋದು ಇದಕ್ಕೇ, ನಡುವೆ ಇರೋ ಜನರನ್ನ ಅದು ಗೆರೆ ಎಳೆದು ಆ ಕಡೆ ಈ ಕಡೆ ತಳ್ಳತ್ತೆ, ಅದೇ ಮನುಷ್ಯ ಐದು ವಾರ ಬಿಟ್ಟು ಬರೆದ್ರೆ ಎಷ್ಟೋ ಸಲ ಬೇರೆ ಅಕ್ಷರ ಬರತ್ತೆ. ಹಾಗಾದ್ರೆ ಬಿಲ್ಲೆ ಓದ್ದಾಗ 'ಅಯ್ಯೋ ನನ್ ಬಗ್ಗೆನೇ ಬರೆದಿದಾರೆ' ಅಂತ ಯಾಕೆ ಅನ್ಸತ್ತೆ? 1948ರಲ್ಲಿ ಬರ್ಟ್ರಮ್ ಫೋರರ್ ಅನ್ನೋ ಮೇಷ್ಟ್ರು ತನ್ನ 39 ವಿದ್ಯಾರ್ಥಿಗಳಿಗೆ ಒಂದು ಟೆಸ್ಟ್ ಮಾಡಿ, ಇದು ನಿನ್ನ ರಿಸಲ್ಟು ಅಂತ ಒಬ್ಬೊಬ್ಬರಿಗೂ ಒಂದು ಚೀಟಿ ಕೊಟ್ಟ, ಎಷ್ಟು ಸರಿ ಇದೆ ಅಂತ ಐದಕ್ಕೆ ಮಾರ್ಕ್ಸ್ ಹಾಕಿ ಅಂದ, ಸರಾಸರಿ 4.26 ಬಂತು. ಎಲ್ಲರ ಚೀಟೀಲೂ ಇದ್ದಿದ್ದು ಒಂದೇ ಬರಹ, ಅದನ್ನ ಅವನು ಜ್ಯೋತಿಷ್ಯದ ಪುಸ್ತಕದಿಂದ ಎತ್ಕೊಂಡಿದ್ದ. 'ಹೊರಗಡೆ ಗಟ್ಟಿಯಾಗಿ ಕಾಣ್ತೀರಾ, ಒಳಗೆ ಚಿಂತೆ ಇದೆ' ಅಂದ್ರೆ ಮೆಜೆಸ್ಟಿಕ್ಕಲ್ಲಿ ಹೋಗೋ ಯಾರು ತಾನೇ ಇಲ್ಲ ಅಂತಾರೆ ಹೇಳಿ.

ಇಷ್ಟೆಲ್ಲ ಕಲ್ತು ಮುಗೀತು ಅನ್ನೋ ಹೊತ್ತಿಗೆ ಕಾಲಡಿ ನೆಲಾನೇ ಎಳೀತಾರೆ. 1968ರಲ್ಲಿ ವಾಲ್ಟರ್ ಮಿಶೆಲ್ ಅನ್ನೋನು, ನೀವು ಗುಣ ಗುಣ ಅಂತೀರಲ್ಲ, ಅದನ್ನ ಅಳೆದು ಒಬ್ಬ ಮನುಷ್ಯ ಒಂದು ಸಂದರ್ಭದಲ್ಲಿ ಏನ್ ಮಾಡ್ತಾನೆ ಅಂತ ಹೇಳೋಕೆ ಹೋದ್ರೆ ಕೋರಿಲೇಷನ್ನು (ಎರಡು ಅಳತೆ ಎಷ್ಟು ಜೊತೆಯಾಗಿ ಏರಿಳಿಯತ್ತೆ ಅನ್ನೋ ಸಂಖ್ಯೆ, ಪೂರ್ತಿ ಹೊಂದಿದ್ರೆ 1) 0.30 ದಾಟೋದೇ ಕಷ್ಟ, ಮನುಷ್ಯನ್ನ ನಡೆಸೋದು ಸಂದರ್ಭ ಅಂದ. ನಿಜಾನೇ ಅಲ್ವಾ, ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಬಾಯಿಗೆ ಬಂದ ಹಾಗೆ ಬೈಯೋ ಮನುಷ್ಯನೇ ಮನೆಗೆ ಹೋಗಿ ಮೊಮ್ಮಗಳ ಮುಂದೆ ಆನೆ ಆಗಿ ಮಂಡಿ ಊರಿ ಓಡಾಡ್ತಾನೆ. ಇಪ್ಪತ್ತು ವರ್ಷ ಈ ವಾದ ನಡೀತು, ರಾಜಿ ಆಗಿದ್ದು ಹೀಗೆ, ಒಂದು ಘಟನೆ ಇಟ್ಕೊಂಡು ಸ್ವಭಾವ ಹೇಳೋಕಾಗಲ್ಲ, ನೂರು ಘಟನೆಗಳ ಸರಾಸರಿ ತಗೊಂಡ್ರೆ ಹೇಳಬಹುದು. ಮಳೆ ಥರ, ನಾಳೆ ಬರತ್ತಾ ಇಲ್ವಾ ಗೊತ್ತಿಲ್ಲ, ಆದ್ರೆ ಆಗುಂಬೇಲಿ ಚಿತ್ರದುರ್ಗಕ್ಕಿಂತ ಜಾಸ್ತಿ ಬರತ್ತೆ ಅನ್ನೋದು ಗೊತ್ತು. ಈ ಸರಾಸರಿ ಮಾತು ನೆನಪಿಟ್ಕೊಳಿ, ಡಿಸಾರ್ಡರ್ ವಿಷಯಕ್ಕೆ, ಅಂದ್ರೆ ಸ್ವಭಾವವೇ ಕಾಯಿಲೆ ಆಗೋ ವಿಷಯಕ್ಕೆ ಬಂದಾಗ ಬೇಕಾಗತ್ತೆ.

ಎರಡನೇ ಸೆಮಿಸ್ಟರಲ್ಲಿ ಪರ್ಸನಾಲಿಟಿ ಡಿಸಾರ್ಡರ್ ಪಾಠ ಶುರುವಾದ ವಾರ ನಾನು ನಮ್ಮ ಬಿಲ್ಡಿಂಗಿಗೆಲ್ಲ ಕಾಯಿಲೆ ಹಂಚಿಬಿಟ್ಟೆ. ಓನರ್ ಅಂಕಲ್ ನೀರಿನ ಮೋಟರ್ ಹಾಕಿದ ಟೈಮು, ನಿಲ್ಸಿದ ಟೈಮು ಎರಡೂ ಡೈರೀಲಿ ಬರೆದಿಡ್ತಿದ್ರು, ಹನ್ನೊಂದು ವರ್ಷದ ಡೈರಿ ಇತ್ತು, ಗೇಟ್ ಚಿಲಕ ಯಾವ ಕೈಲಿ ಹಾಕ್ಬೇಕು ಅಂತಾನೂ ಅವರಿಗೊಂದು ಪದ್ಧತಿ. ಒಬ್ಸೆಸಿವ್ ಕಂಪಲ್ಸಿವ್ ಪರ್ಸನಾಲಿಟಿ, ಬರೀ. ಮೇಲ್ಗಡೆ ಮನೆ ಹುಡುಗ ಯಾರತ್ರಾನೂ ಮಾತಾಡಲ್ಲ, ಸ್ಕಿಜಾಯ್ಡ್. ಮದುವೆ ಮನೇಲಿ ಎಲ್ಲರ ಕಣ್ಣೂ ತನ್ನ ಮೇಲೇ ಇರ್ಬೇಕು ಅನ್ನೋ ನಮ್ಮ ಚಿಕ್ಕಮ್ಮ, ಹಿಸ್ಟ್ರಿಯಾನಿಕ್. ಶನಿವಾರದ ಹೊತ್ತಿಗೆ ಪುಸ್ತಕದಲ್ಲಿರೋ ಹತ್ತು ಡಿಸಾರ್ಡರಲ್ಲಿ ಆರು ನನಗೇ ಇದೆ ಅಂತ ಗ್ಯಾರಂಟಿ ಆಯ್ತು. ಮೇಡಮ್ ನಕ್ಕು, ಇದು ಪ್ರತಿ ಬ್ಯಾಚಿಗೂ ಬರೋ ಜ್ವರ, ಮೆಡಿಕಲ್ ಓದೋರಿಗೂ ಬರತ್ತೆ, ಪರೀಕ್ಷೆ ಹೊತ್ತಿಗೆ ಇಳಿಯತ್ತೆ ಅಂದ್ರು.

ನಾನು ಎಡವಿದ್ದು ಎಲ್ಲಿ ಅಂದ್ರೆ, ಗುಣ ಜೋರಾಗಿದ್ರೆ ಸಾಕು ಕಾಯಿಲೆ ಅನ್ಕೊಂಡಿದ್ದೆ. 1923ರಲ್ಲೇ ಕುರ್ಟ್ ಶ್ನೈಡರ್ ಅನ್ನೋ ಜರ್ಮನ್ ಸೈಕಿಯಾಟ್ರಿಸ್ಟ್ ಒಂದು ಅಳತೆ ಕೊಟ್ಟಿದಾನೆ, ತನ್ನ ಸ್ವಭಾವದಿಂದ ತಾನೇ ನರಳ್ಬೇಕು ಅಥವಾ ಸುತ್ತಲಿನವರನ್ನ ನರಳಿಸ್ಬೇಕು. ಈಗಿನ ಡಿಎಸ್‌ಎಂ-5, ಅಂದ್ರೆ ಅಮೆರಿಕದ ಸೈಕಿಯಾಟ್ರಿಸ್ಟುಗಳು 2013ರಲ್ಲಿ ಹೊರತಂದ ರೋಗಪಟ್ಟಿ, ಅದೂ ಹೆಚ್ಚುಕಮ್ಮಿ ಅದನ್ನೇ ಬಿಡಿಸಿ ಹೇಳತ್ತೆ. ಆ ನಡತೆ ಬಾಗಬಾರ್ದು, ಅಂದ್ರೆ ಸಂದರ್ಭ ಬದಲಾದ್ರೂ ಮನುಷ್ಯ ಅದೇ ಒಂದೇ ದಾರಿ ಹಿಡೀತಾನೆ. ಮನೆ, ಕೆಲಸ, ಸ್ನೇಹ ಎಲ್ಲಾ ಕಡೆ ಕಾಣ್ಬೇಕು. ಹದಿಹರೆಯ ಅಥವಾ ಆಮೇಲಿನ ಕೆಲವು ವರ್ಷಗಳಲ್ಲೇ ಶುರುವಾಗಿರ್ಬೇಕು, ನಲವತ್ತೈದಕ್ಕೆ ಇದ್ದಕ್ಕಿದ್ದಂತೆ ಸ್ವಭಾವ ಬದಲಾದ್ರೆ ಮೊದಲು ಬೇರೆ ಕಾರಣ ಹುಡುಕ್ತಾರೆ, ಮೆದುಳಿಂದಾ, ಕುಡಿತದ್ದಾ, ಡಿಪ್ರೆಶನ್ನಾ ಅಂತ. ಜೊತೆಗೆ ನರಳಿಕೆ ಇಲ್ಲಾ ಬದುಕಿಗೆ ಅಡ್ಡಿ ಆಗ್ಬೇಕು. ಓನರ್ ಅಂಕಲ್‌ಗೆ ಇದನ್ನ ಹಾಕಿ ನೋಡಿ, ಬ್ಯಾಂಕಲ್ಲಿ ಮೂವತ್ತೈದು ವರ್ಷ ಸರ್ವೀಸ್ ಮಾಡಿ ರಿಟೈರ್ ಆಗಿದಾರೆ, ಮಗಳು ವಾರಕ್ಕೆರಡು ಸಲ ಬರ್ತಾಳೆ, ಸಾಯಂಕಾಲ ಪಾರ್ಕಲ್ಲಿ ಇಸ್ಪೀಟ್ ಗ್ಯಾಂಗು. ನರಳ್ತಿರೋದು ಮೋಟರ್ ಒಂದೇ.

ಅಂದಹಾಗೆ ನಾನು ಅಂಕಲ್‌ಗೆ ಅಂಟಿಸಿದ ಒಬ್ಸೆಸಿವ್ ಕಂಪಲ್ಸಿವ್ ಪರ್ಸನಾಲಿಟಿ ಅಂದ್ರೆ ಒಸಿಡಿ (ಒಬ್ಸೆಸಿವ್ ಕಂಪಲ್ಸಿವ್ ಡಿಸಾರ್ಡರ್) ಅಲ್ಲ, ಜನ ಎರಡನ್ನೂ ಕಲಸಿಬಿಡ್ತಾರೆ. ಒಸಿಡಿ ಇರೋರಿಗೆ ಬೇಡದ ಯೋಚ್ನೆ ನುಗ್ಗಿ ಬರತ್ತೆ, ಇದು ಹುಚ್ಚುತನ ಅಂತ ಹೆಚ್ಚಿನವರಿಗೆ ಗೊತ್ತಿರತ್ತೆ, ಬಿಡೋಕಾಗ್ದೆ ಒದ್ದಾಡ್ತಾರೆ. ಒಬ್ಸೆಸಿವ್ ಕಂಪಲ್ಸಿವ್ ಪರ್ಸನಾಲಿಟಿ ಇರೋರಿಗೆ ಸಾಮಾನ್ಯವಾಗಿ ತಾವು ಮಾಡ್ತಿರೋದೇ ಸರಿ, ಉಳ್ದೋರು ನೆಟ್ಟಗಿಲ್ಲ. ಮೊದಲ್ನೇದು ಚಪ್ಪಲಿ ಒಳಗೆ ಸಿಕ್ಕೊಂಡ ಕಲ್ಲು, ಎರಡನೇದು ಆ ಮನುಷ್ಯನ ನಡಿಗೆನೇ.

ಡಿಎಸ್‌ಎಂನಲ್ಲಿ ಒಟ್ಟು ಹತ್ತು ಥರ, ಮೂರು ಗುಂಪು. ವಿಚಿತ್ರ ಅನ್ಸೋರು ಒಂದು ಗುಂಪು, ಪ್ಯಾರನಾಯ್ಡ್, ಸ್ಕಿಜಾಯ್ಡ್, ಸ್ಕಿಜೋಟೈಪಲ್. ಭಾವನೆ ಭೋರ್ಗರೆಯೋರು ಇನ್ನೊಂದು, ಆಂಟಿಸೋಷಿಯಲ್, ಬಾರ್ಡರ್‌ಲೈನ್, ಹಿಸ್ಟ್ರಿಯಾನಿಕ್, ನಾರ್ಸಿಸಿಸ್ಟಿಕ್. ಹೆದರಿಕೆಯವರು ಮೂರನೇದು, ಅವಾಯ್ಡೆಂಟ್, ಡಿಪೆಂಡೆಂಟ್, ಮತ್ತೆ ನಮ್ಮ ಡೈರಿ ಅಂಕಲ್‌ಗೆ ನಾನು ಅಂಟಿಸಿದ್ದು. ಪರೀಕ್ಷೆಗೆ ಇಷ್ಟು ಬಾಯಿಪಾಠ ಹೊಡೀಲೇಬೇಕು. ಸಿನಿಮಾಗಳಲ್ಲಿ ಬರೋ ಸೈಕೋ ಈ ಪಟ್ಟೀಲಿ ಇಲ್ಲ ಗೊತ್ತಾ, ಸೈಕೋಪಥಿ ಅನ್ನೋದು ಇಲ್ಲಿ ಬೇರೆ ಕಾಯಿಲೆ ಅಂತ ಇಲ್ಲ, ಅದರ ಹತ್ತಿರದ್ದು ಆಂಟಿಸೋಷಿಯಲ್, ಅದನ್ನೂ 18 ತುಂಬೋ ಮುಂಚೆ ಯಾರಿಗೂ ಹಾಕೋಹಾಗಿಲ್ಲ.

ಬಾರ್ಡರ್‌ಲೈನ್ ಬಗ್ಗೆ ಸ್ವಲ್ಪ ನಿಂತು ಹೇಳ್ತೀನಿ, ಯಾಕಂದ್ರೆ ಕ್ಲಿನಿಕ್ಕಿಗೆ ಬರೋರಲ್ಲಿ ಇದು ಜಾಸ್ತಿ, ಆ ಹೆಸರಿಂದ ಆಗೋ ಗೊಂದಲಾನೂ ಜಾಸ್ತಿ. ನಮ್ಮಲ್ಲಿ 'ಶುಗರ್ ಬಾರ್ಡರಲ್ಲಿದೆ' ಅಂದ್ರೆ ಇನ್ನೂ ಬಂದಿಲ್ಲ, ಮೈಸೂರ್‌ಪಾಕ್ ಕಮ್ಮಿ ಮಾಡಿ ಅಂತ ಅರ್ಥ. ಹಾಗಾಗಿ ಬಾರ್ಡರ್‌ಲೈನ್ ಅಂದ ತಕ್ಷಣ ಮನೆಯವರು, ಸದ್ಯ, ಸ್ವಲ್ಪದ್ರಲ್ಲೇ ಉಳ್ಕೊಂಡ್ವಿ ಅಂತ ಉಸಿರು ಬಿಡ್ತಾರೆ. ಅದು ಆ ಬಾರ್ಡರ್ ಅಲ್ಲ. 1938ರಲ್ಲಿ ಅಡಾಲ್ಫ್ ಸ್ಟರ್ನ್ ಅನ್ನೋ ಡಾಕ್ಟ್ರು ಈ ರೋಗಿಗಳನ್ನ ನ್ಯೂರೋಸಿಸ್ಸು (ಆತಂಕದಂಥ ಒದ್ದಾಟ, ವಾಸ್ತವದ ಅರಿವಿರತ್ತೆ) ಸೈಕೋಸಿಸ್ಸು (ವಾಸ್ತವದ ಅರಿವೇ ತಪ್ಪೋದು) ಎರಡರ ಗಡೀಲಿ ಇರೋರು ಅಂತ ಕರೆದ, ಗಡಿಯ ಎರಡೂ ಕಡೆ ಇದ್ದ ಆ ಹಳೇ ವಿಂಗಡಣೆ ಹೋದ್ರೂ ಗಡಿಯ ಹೆಸರು ಮಾತ್ರ ಉಳ್ಕೊಳ್ತು.

ಬಾರ್ಡರ್‌ಲೈನ್ ಇರೋ ಒಬ್ಬ ಹುಡುಗಿ ಅನ್ಕೊಳಿ, ಗೆಳತಿ ಮೆಸೇಜ್ ನೋಡಿ ಎರಡು ಗಂಟೆ ಉತ್ತರ ಕೊಟ್ಟಿಲ್ಲ. ನಮಗೂ ನಿಮಗೂ ಸ್ವಲ್ಪ ಬೇಜಾರು, ಮೀಟಿಂಗಲ್ಲಿ ಇರ್ಬೇಕು ಅನ್ಕೋತೀವಿ. ಇವಳಿಗೆ ಅದು ಬಿಟ್ಟೋದ್ಲು ಅನ್ನೋ ಭಯ, ಮೈ ತುಂಬ ಬೆಂಕಿ. ಬೆಳಗ್ಗೆ ದೇವತೆ ಆಗಿದ್ದ ಗೆಳತಿ ಮಧ್ಯಾಹ್ನಕ್ಕೆ ರಾಕ್ಷಸಿ, ನಡುವಿನ ಬಣ್ಣ ಯಾವ್ದೂ ಇಲ್ಲ. ಹದಿನೈದು ಮೆಸೇಜು, ಒಂದು ಬ್ಲಾಕು, ಆಮೇಲೆ ಪಶ್ಚಾತ್ತಾಪ, ತನ್ನ ಮೇಲೇ ಅಸಹ್ಯ, ಕೆಲವು ಸಲ ತನಗೆ ತಾನೇ ನೋವು ಮಾಡ್ಕೊಳೋದು. ಇದೆಲ್ಲ ಇಳಿದ್ಮೇಲೆ ಉಳಿಯೋದು ಒಂದು ಖಾಲಿತನ. ಹೊರಗಿಂದ ನೋಡೋರು ಡ್ರಾಮಾ ಅಂತಾರೆ. ಒಳಗಿರೋರಿಗೆ ಅದು ನಿಜವಾದ ಬೆಂಕಿ, ಚರ್ಮ ಸುಟ್ಟೋರಿಗೆ ಗಾಳಿ ತಾಗಿದ್ರೂ ಉರಿಯೋ ಥರ.

ಇದಕ್ಕೆ ಡಿಎಸ್‌ಎಂನಲ್ಲಿ ಒಂಬತ್ತು ಲಕ್ಷಣ ಕೊಟ್ಟಿದಾರೆ, ಐದಿದ್ರೆ ಡಯಾಗ್ನೋಸಿಸ್. ಇಲ್ಲೇ ನೋಡಿ ಹುಳುಕು. ಒಂಬತ್ತರಲ್ಲಿ ಐದು ಅಥವಾ ಜಾಸ್ತಿ ಆರಿಸೋಕೆ 256 ದಾರಿ ಇದೆ, ಕೂತು ಲೆಕ್ಕ ಹಾಕಿ ನೋಡಿ ಬೇಕಾದ್ರೆ. ಒಂದೇ ಹೆಸರಿನ ಕಾಯಿಲೆ ಇರೋ ಇಬ್ರ ನಡುವೆ ಒಂದೇ ಒಂದು ಲಕ್ಷಣ ಮಾತ್ರ ಸಮಾನವಾಗಿರಬಹುದು. ನಾಲ್ಕಿದ್ರೆ ಇಲ್ಲ, ಐದಿದ್ರೆ ಇದೆ, ಅದೂ ಯಾವ ಲೆಕ್ಕ? ಅದೂ ಅಲ್ದೆ ಒಂದು ಇರೋರಿಗೆ ಬಹಳಷ್ಟು ಸಲ ಇನ್ನೂ ಎರಡು ಮೂರು ಬರತ್ತೆ, ಅಂದ್ರೆ ಡಬ್ಬದ ಗೋಡೆಗಳೇ ಗಟ್ಟಿ ಇಲ್ಲ ಅಂತ ತಾನೇ. ಎಂಬಿಟಿಐಗೆ ನಕ್ಕೋರು ತಾವೂ ಅದೇ ತಪ್ಪು ಮಾಡ್ಕೊಂಡು ಕೂತಿದ್ರು ಅನ್ನೋದು ನನ್ನ ಅನಿಸಿಕೆ.

ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿ ಐಸಿಡಿ-11ರಲ್ಲಿ, ಇದು ಜಾರಿಗೆ ಬಂದಿದ್ದು 2022ರ ಜನವರಿಯಿಂದ, ಹಳೇ ಡಬ್ಬಗಳನ್ನ ಎತ್ತಿ ಪಕ್ಕಕ್ಕಿಡ್ತು. ಈಗ ಮೊದಲ ಪ್ರಶ್ನೆ ಯಾವ ಥರದ್ದು ಅನ್ನೋದಲ್ಲ, ಎಷ್ಟು ಅನ್ನೋದು. ತನ್ನ ಬಗ್ಗೆ ತನಗಿರೋ ಕಲ್ಪನೆ ಎಷ್ಟು ಅಲ್ಲಾಡತ್ತೆ, ಜನರ ಜೊತೆ ಸಂಬಂಧ ಎಷ್ಟು ಕೆಡತ್ತೆ ನೋಡಿ ಸೌಮ್ಯ, ಮಧ್ಯಮ, ತೀವ್ರ ಅಂತ ಬರೀತಾರೆ, ಕಾಯಿಲೆ ಮಟ್ಟಕ್ಕೆ ಬರ್ದೇ ಇರೋ ತೊಂದರೆಗೂ ಒಂದು ಜಾಗ ಇದೆ. ಆಮೇಲೆ ಬೇಕಾದ್ರೆ ಐದು ಗುಣಗಳಲ್ಲಿ ಯಾವ್ದು ಎದ್ದು ಕಾಣತ್ತೆ ಸೇರಿಸಬಹುದು: ಸದಾ ಆತಂಕ ದುಃಖ ಸಿಟ್ಟು, ಜನರಿಂದ ದೂರ ಸರಿಯೋದು, ಬೇರೆಯವರ ಬಗ್ಗೆ ಕರುಣೆ ಇಲ್ದಿರೋದು, ದುಡುಕು, ಅತಿಯಾದ ಅಚ್ಚುಕಟ್ಟು. ಎಲ್ಲೋ ನೋಡಿದ ಹಾಗಿದೆಯಲ್ಲ? ನಮ್ಮ ಬೋರ್ಡ್ ಮೇಲಿನ ಗುಡ್ಡೆಗಳೇ, ಓಪನ್‌ನೆಸ್ ಒಂದು ಬಿಟ್ಟು. ಬಾರ್ಡರ್‌ಲೈನ್ ಮಾತ್ರ ಒಂದು ಪ್ಯಾಟರ್ನ್ ಅಂತ ಉಳ್ಕೊಂಡಿದೆ, ಚಿಕಿತ್ಸೆ ಎಲ್ಲ ಆ ಹೆಸರಿನ ಮೇಲೇ ನಿಂತಿರೋದ್ರಿಂದ ಬಿಡೋಕಾಗ್ಲಿಲ್ಲ. ಅಂದ್ರೆ ಕಾಯಿಲೆ ಅನ್ನೋದು ಬೇರೆ ಯಾವ್ದೋ ಊರಲ್ಲ, ಅದೇ ರಸ್ತೆಯ ಕೊನೆ ಸ್ಟಾಪು.

ಇದನ್ನೆಲ್ಲ ರೋಗಿ ಹತ್ರ ಕನ್ನಡದಲ್ಲಿ ಕೇಳೋದು ಹೇಗೆ ಅನ್ನೋದು ಇನ್ನೊಂದು ಕಥೆ. ವಿಶ್ವ ಆರೋಗ್ಯ ಸಂಸ್ಥೆ, ಪರ್ಸನಾಲಿಟಿ ಡಿಸಾರ್ಡರ್ ಪತ್ತೆ ಮಾಡೋ ಐಪಿಡಿಇ ಅನ್ನೋ ಸಂದರ್ಶನದ ಪ್ರಶ್ನೆಗಳನ್ನ 11 ದೇಶಗಳ 14 ಕಡೆ, 716 ರೋಗಿಗಳ ಮೇಲೆ ಪರೀಕ್ಷೆ ಮಾಡಿ ನೋಡ್ತು, 1994ರಲ್ಲಿ ಫಲಿತಾಂಶ ಬಂತು. ಅದರಲ್ಲಿ ನಮ್ಮ ಬೆಂಗಳೂರೂ ಇತ್ತು, ನಿಮ್ಹಾನ್ಸ್‌ನ ಡಾ. ಎಸ್.ಎಂ. ಚನ್ನಬಸವಣ್ಣ ಆ ತಂಡದಲ್ಲಿದ್ರು, ಪ್ರಶ್ನೆಗಳು ಕನ್ನಡಕ್ಕೂ ಬಂದ್ವು. ಪದ ಬದಲಾಯಿಸಿದ್ರೆ ಸಾಕಾಗಲ್ಲ ಇಲ್ಲಿ. 'ದಿನನಿತ್ಯದ ನಿರ್ಧಾರಕ್ಕೂ ಬೇರೆಯವರ ಸಲಹೆ ಬೇಕಾ' ಅಂತ ಕೇಳಿದ್ರೆ ನಮ್ಮಲ್ಲಿ ಇಪ್ಪತ್ತಾರು ವರ್ಷದ ಇಂಜಿನಿಯರ್ ಹೂಂ ಅಂತಾನೆ, ಫ್ರಿಜ್ ತಗೊಳೋಕೂ ಅವನು ಅಪ್ಪನ್ನ ಕೇಳ್ತಾನೆ, ಅದು ಡಿಪೆಂಡೆಂಟ್ ಪರ್ಸನಾಲಿಟಿ ಆಗ್ಬಿಟ್ರೆ ಅರ್ಧ ರಾಜಾಜಿನಗರ ಒಳರೋಗಿ ಆಗ್ಬೇಕಾಗತ್ತೆ. ಆ ಮನುಷ್ಯನ ಸಂಸ್ಕೃತಿ ಏನು ನಿರೀಕ್ಷೆ ಮಾಡತ್ತೋ ಅದಕ್ಕಿಂತ ಎದ್ದು ಕಾಣೋ ಹಾಗೆ ಬೇರೆ ಇರ್ಬೇಕು ಅಂತ ಡಿಎಸ್‌ಎಂ ಕೂಡ ಹೇಳತ್ತೆ. ನನ್ನ ಆಸ್ಪತ್ರೆ ಪೋಸ್ಟಿಂಗ್ ಟೈಮಲ್ಲಿ ಹಿರಿಯರು ಇನ್ನೊಂದು ಹೇಳಿಕೊಟ್ರು, ರೋಗಿನ ಒಬ್ರನ್ನೇ ಕೇಳ್ಬೇಡ, ಜೊತೆಗೆ ಬಂದ ಅಮ್ಮನ್ನ, ಅಕ್ಕನ್ನ ಕೂರಿಸ್ಕೊಂಡು 'ಇವ್ರು ಮುಂಚಿಂದ್ಲೂ ಹೀಗೇನಾ' ಅಂತ ಕೇಳು. ಆ 'ಮುಂಚಿಂದ್ಲೂ' ಅನ್ನೋದ್ರಲ್ಲೇ ನೂರು ಘಟನೆಗಳ ಸರಾಸರಿ ಇರತ್ತೆ, ನಾನು ಮೇಲೆ ಹೇಳಿದ್ನಲ್ಲ ಅದು.

ಸರಿ, ಇದು ವಾಸಿ ಆಗತ್ತಾ? ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತ ನಮ್ಮಜ್ಜಿ ಹೇಳೋಳು, ತುಂಬಾ ಕಾಲ ಡಾಕ್ಟ್ರುಗಳೂ ಹೆಚ್ಚುಕಮ್ಮಿ ಅದನ್ನೇ ನಂಬಿದ್ರು. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಜನರ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ಸುಮಾರು ಅರ್ಧ ಜೀನ್‌ಗಳದ್ದು, ಅಷ್ಟರ ಮಟ್ಟಿಗೆ ಅಜ್ಜಿ ಸರಿ. ಆದ್ರೆ ಮೇರಿ ಝನಾರಿನಿ ಅನ್ನೋ ಸಂಶೋಧಕಿ ಅಮೆರಿಕದ ಮೆಕ್ಲೀನ್ ಆಸ್ಪತ್ರೇಲಿ ಬಾರ್ಡರ್‌ಲೈನ್ ಅಂತ ದಾಖಲಾದ 290 ಜನರನ್ನ ಬೆನ್ನು ಹತ್ತಿದ್ಲು, ಹತ್ತು ವರ್ಷದಲ್ಲಿ ಅವರಲ್ಲಿ ನೂರಕ್ಕೆ 93 ಜನ ಕನಿಷ್ಠ ಎರಡು ವರ್ಷ ಆ ಡಯಾಗ್ನೋಸಿಸ್ಸಿಗೆ ಬೇಕಾದಷ್ಟು ಲಕ್ಷಣ ಇಲ್ದೆ ಕಳೆದ್ರು. ಜೊತೆಗೆ ಕೆಲಸ, ಒಳ್ಳೇ ಸಂಬಂಧ ಎಲ್ಲ ಸೇರಿ ನೆಟ್ಟಗಾದೋರು ಮಾತ್ರ ಅರ್ಧ, ಅದನ್ನೂ ಹೇಳ್ಬೇಕು. ಚಿಕಿತ್ಸೆಲಿ ಮಾತ್ರೆ ಪಾತ್ರ ಚಿಕ್ಕದು, ಮುಖ್ಯ ಮಾತುಕತೆ. ಮಾರ್ಷಾ ಲೈನ್‌ಹ್ಯಾನ್ ಕಟ್ಟಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಅನ್ನೋ ಚಿಕಿತ್ಸೆ ಇದೆ, ಬೆಂಕಿ ಹತ್ತಿದಾಗ ಏನೂ ಸುಡದ ಹಾಗೆ ಆ ಅರ್ಧ ಗಂಟೆ ದಾಟೋದು ಹೇಗೆ ಅಂತ ಡ್ರೈವಿಂಗ್ ಕಲಿಸೋ ಥರ ಒಂದೊಂದಾಗಿ ಕಲಿಸ್ತಾರೆ. ಆಕೆ ತಾನೂ ಹುಡುಗಿಯಾಗಿದ್ದಾಗ ಇಂಥದೇ ನರಳಿಕೆಯಿಂದ ಆಸ್ಪತ್ರೇಲಿದ್ದೆ ಅಂತ 2011ರಲ್ಲಿ ಎಲ್ಲರ ಮುಂದೆ ಹೇಳ್ಕೊಂಡ್ರು.

ಓದೋ ಆಸೆ ಇರೋರಿಗೆ ಒಂದೆರಡು ಮಾತು. ನಮ್ಮ ಕಡೆ ಇದು ನಿನ್ನೆ ಮೊನ್ನೆ ಬಂದ ಸಬ್ಜೆಕ್ಟ್ ಅಲ್ಲ, ಮೈಸೂರಲ್ಲಿ 1920ರ ದಶಕದಲ್ಲೇ ಎಂ.ವಿ. ಗೋಪಾಲಸ್ವಾಮಿ ಸೈಕಾಲಜಿ ವಿಭಾಗ ಕಟ್ಟಿದ್ರು, 1935ರಲ್ಲಿ ಮನೇಲಿ ಆಕಾಶವಾಣಿ ಅನ್ನೋ ರೇಡಿಯೋ ಕೇಂದ್ರ ಶುರು ಮಾಡಿದೋರೂ ಅವರೇ. ಹೊಸೂರು ರೋಡಿನ ನಿಮ್ಹಾನ್ಸ್ ಈ ರೂಪಕ್ಕೆ ಬಂದಿದ್ದು 1974ರಲ್ಲಿ. ಬಿಎ ಅಥವಾ ಬಿಎಸ್ಸಿ, ಆಮೇಲೆ ಎಂಎ ಅಥವಾ ಎಂ.ಎಸ್ಸಿ, ಇಷ್ಟಕ್ಕೆ ನೀವು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲ್ಲ, ನಾನೂ ಅಲ್ಲ. ಅದಕ್ಕೆ ಆರ್‌ಸಿಐ, ಅಂದ್ರೆ ಭಾರತೀಯ ಪುನರ್ವಸತಿ ಪರಿಷತ್ತು, ಮಾನ್ಯ ಮಾಡಿದ ಕೋರ್ಸು ಮತ್ತೆ ರಿಜಿಸ್ಟ್ರೇಷನ್ ಬೇಕು. ಇಷ್ಟು ದಿನ ಆ ಕೋರ್ಸು ಅಂದ್ರೆ ಹೆಚ್ಚಾಗಿ ಎರಡು ವರ್ಷದ ಎಂ.ಫಿಲ್, 2020ರ ಶಿಕ್ಷಣ ನೀತಿ ಎಂ.ಫಿಲ್ಲನ್ನೇ ನಿಲ್ಲಿಸಿ ಅಂದಿದ್ರಿಂದ ದಾರಿ ಬದಲಾಗ್ತಿದೆ, ಹಾಗಾಗಿ ಸೀನಿಯರ್ ಮಾತು ಕೇಳಿ ಫೀಸ್ ಕಟ್ಬೇಡಿ, ಆರ್‌ಸಿಐ ಪಟ್ಟೀಲಿ ಆ ಕಾಲೇಜು ಆ ವರ್ಷಕ್ಕೆ ಇದೆಯಾ ನೋಡಿ. ನನ್ನ ಕ್ಲಾಸ್‌ಮೇಟ್ ಒಬ್ಬಳು ಮಾನ್ಯತೆ ಇಲ್ಲದ ಒಂದು ಕಡೆ ದುಡ್ಡೂ ವರ್ಷಾನೂ ಕಳ್ಕೊಂಡ್ಳು.

ಓದೋಕಲ್ಲ, ಮನೇಲಿ ಯಾರೋ ಹೀಗೇ ಒದ್ದಾಡ್ತಿದಾರೆ ಅಂತ ಇಲ್ಲಿ ತನಕ ಬಂದಿದ್ರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ದಿನದ ಯಾವ ಹೊತ್ತಿಗಾದ್ರೂ ಮಾಡಬಹುದು, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಫೋನ್ ಮಾಡಿ 'ನಮ್ಮಕ್ಕನಿಗೆ ಬಾರ್ಡರ್‌ಲೈನ್ ಇದೆ' ಅಂತ ಶುರು ಮಾಡ್ಬೇಡಿ, ಅಕ್ಕ ಏನ್ ಮಾಡ್ತಾಳೆ, ಯಾವಾಗಿಂದ, ಯಾರ್ಯಾರ ಜೊತೆ, ಅಷ್ಟು ಹೇಳಿ.